ಗಾಜಿನ ಈಚೆ

ಸಿಂಕಿನ ಮುಂದೆ ನಿಂತು ನಿನ್ನೆಯ ಬಾಣಲೆ ಉಜ್ಜುತ್ತಿದ್ದ ಲೋರೆನ್‌ಗೆ ಮೊದಲು ಅನ್ನಿಸಿದ್ದು, ಮಗಳು ಗ್ಯಾರೇಜಿನಲ್ಲಿ ಯಾವುದೋ ದರಿದ್ರ ಧಾರಾವಾಹಿ ಹಾಕಿಕೊಂಡು ಕೂತಿದ್ದಾಳೆ ಎಂದು. ಹೆಂಗಸೊಬ್ಬಳು ಯಾರನ್ನೋ ಹರಿದು ತಿನ್ನುತ್ತಿದ್ದಳು. ಕೂಗುತ್ತಿರಲಿಲ್ಲ, ಕೂಗಿದ್ದರೆ ವಾಸಿಯಿತ್ತು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. "ಏನೇ ಅದು, ಹೊಟ್ಟೆಯಾ? ಫ್ರಿಜ್ ಪಕ್ಕದಲ್ಲೇ ಹಾಸಿಗೆ ಹಾಸ್ಕೊಂಡಿದ್ದೀಯಾ ಹೆಂಗೆ? ಮತ್ತೆ ಮೇಲೆ ಹತ್ತು. ಅಳೋದಿದ್ರೆ ಈ ಕಡೆ ತಿರುಗಿ ಅಳು, ಉಳಿದವರೂ ನೋಡ್ಲಿ, ಪುಕ್ಕಟೆ ಮನರಂಜನೆ." ಇಂಥದ್ದನ್ನೆಲ್ಲ ಯಾರು ಬರೆಯುತ್ತಾರೋ, ಯಾರು ಕೂತು ನೋಡುತ್ತಾರೋ ಎಂದುಕೊಂಡು ಅವನು ನಲ್ಲಿ ನಿಲ್ಲಿಸಿದ. ಆಮೇಲೆ ಆ ದನಿ ಮಗಳ ಹೆಸರು ಹಿಡಿದು 'ಕೆಂಡ್ರಾ' ಎಂದಿತು.

ಬಾಣಲೆಯ ನೀರು ಅಂಗಿಯ ತೋಳಿನೊಳಕ್ಕೆ ಇಳಿಯಿತು. ಸಿಂಕಿನ ಮೇಲೊಂದು ಕಿಟಕಿ. ಒಂದು ಕಾಲಕ್ಕೆ ಅದರಾಚೆ ಹಿತ್ತಲು ಕಾಣುತ್ತಿತ್ತಂತೆ. ಈ ಮನೆಯ ಹಿಂದಿನ ಯಜಮಾನ, ಯಾವ ಪುಣ್ಯಾತ್ಮನೋ, ಗ್ಯಾರೇಜನ್ನು ಗೋಡೆಗೆ ಅಂಟಿಸಿ ಕಟ್ಟಿ ಕಿಟಕಿಯನ್ನು ಮಾತ್ರ ಹಾಗೇ ಬಿಟ್ಟಿದ್ದ. ಹೀಗಾಗಿ ಪಾತ್ರೆ ತೊಳೆಯುವವರಿಗೆ ಹಿತ್ತಲಿನ ಬದಲು ಗ್ಯಾರೇಜು ಕಾಣುತ್ತಿತ್ತು. ಮೇಲೆ ಕೆಳಗೆ ಜಾರುವ ಚೌಕಟ್ಟು. ಸಲಸಲವೂ ಬಳಿದ ಬಣ್ಣ ಸಂದಿನಲ್ಲಿ ಕಲ್ಲಾಗಿ, ಬೆರಳಷ್ಟು ಅಗಲ ತೆರೆದೇ ನಿಂತಿತ್ತು. ಪೆಟ್ರೋಲ್ ವಾಸನೆ ಬರುತ್ತದೆ, ಚಳಿ ಬರುತ್ತದೆ, ಸರಿಮಾಡು ಎಂದು ಹೆಂಡತಿ ಮರ್ಲಾ ಈ ಮನೆಗೆ ಬಂದ ವರ್ಷದಿಂದ ಹೇಳುತ್ತಲೇ ಇದ್ದಳು. ಈಗ ಕಾರು ಬೀದಿಯಲ್ಲಿತ್ತು. ಸೋಂಕಿನಿಂದಾಗಿ ಊರಿಗೆ ಊರೇ ಬಾಗಿಲು ಹಾಕಿಕೊಂಡ ಮೇಲೆ, ಕೆಂಡ್ರಾ ಜಿಮ್ನಾಸ್ಟಿಕ್ಸ್ ಕಲಿಯುವ ಜಿಮ್‌ನವರು ಅಭ್ಯಾಸದ ತೊಲೆಯನ್ನು ಎರವಲು ಕೊಟ್ಟಿದ್ದರು. ಅಂಗೈ ಅಗಲದ, ನೆಲದಿಂದ ಗೇಣೆತ್ತರದ ಉದ್ದನೆಯ ತೊಲೆ. ಅದರ ಪಕ್ಕ ಒಂದು ನೀಲಿ ಚಾಪೆ, ಬಟ್ಟೆ ಒಗೆಯುವ ಯಂತ್ರದ ಮೇಲೆ ಲ್ಯಾಪ್‌ಟಾಪು. ಲ್ಯಾಪ್‌ಟಾಪಿನೊಳಗೆ ಚೌಕ ಚೌಕಗಳಲ್ಲಿ ಉಳಿದ ಹುಡುಗಿಯರು, ಒಬ್ಬೊಬ್ಬರೂ ಅವರವರ ನೆಲಮಾಳಿಗೆಯಲ್ಲಿ, ಅವರವರ ಮನೆಯ ಸೋಫಾ ಸರಿಸಿದ ಜಾಗದಲ್ಲಿ. ನಿನ್ನೆಯವರೆಗೆ ಲೋರೆನ್ ಮೇಲಿನ ಮಲಗುವ ಕೋಣೆಯಲ್ಲಿ ಕೂತು ಕಂಪನಿ ಕೆಲಸ ಮಾಡುತ್ತಿದ್ದ. ಅಲ್ಲಿ ಇಂಟರ್ನೆಟ್ಟು ಸತ್ತು ಸತ್ತು ಬದುಕುತ್ತಿತ್ತೆಂದು ಇವತ್ತು ಅಡುಗೆಮನೆಯ ಮೇಜಿಗೆ ಇಳಿದಿದ್ದ. ಇಳಿಯಬಾರದಿತ್ತು ಎಂದು ಅವನಿಗೆ ಆಗಲೇ ಅನ್ನಿಸಿತು. ಹಾಗೆ ಅನ್ನಿಸಿತಲ್ಲ ಎಂದು ಆಮೇಲೆ ಅಸಹ್ಯವೂ ಆಯಿತು.

ಕೋಚ್ ಪೆಗ್‌ಳ ದನಿ ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಕೆಂಡ್ರಾ ಹಲ್ಲು ಬೀಳುವ ವಯಸ್ಸಿನಿಂದ ಆ ಜಿಮ್ಮಿಗೆ ಹೋಗುತ್ತಿದ್ದಳು, ಅಂದಿನಿಂದ ಇವನು ಅದರ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದ. ತಂದೆತಾಯಿಗಳಿಗೆಂದೇ ಮಾಡಿದ ಕೋಣೆ. ಮೆತ್ತನೆಯ ಕುರ್ಚಿಗಳು, ಕಾಫಿ ಯಂತ್ರ, ಒಂದು ಗೋಡೆಯ ತುಂಬ ದಪ್ಪ ಗಾಜು. ಕೆಳಗಿನ ಸಂಗೀತ, ಧಡಧಡ ಓಟ, ಯಾವುದೂ ಮೇಲೆ ಬರುತ್ತಿರಲಿಲ್ಲ; ನಿಮ್ಮ ಆಫೀಸ್ ಕೆಲಸಕ್ಕೆ ತೊಂದರೆಯಾಗದ ಹಾಗೆ ಮಾಡಿಸಿದ್ದೇವೆ ಎಂದು ಸೇರಿಸುವ ದಿನವೇ ಹೆಮ್ಮೆಯಿಂದ ಹೇಳಿದ್ದರು. ಹುಡುಗಿಯರಿಗೆ ಹಿಂದಿನ ಬಾಗಿಲು, ಅವರು ಮೇಲೆ ಬರುವಂತಿರಲಿಲ್ಲ. ಪೆಗ್ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮುಖದ ಹತ್ತಿರ ಮುಖ ತಂದು ಏನೋ ಹೇಳುವುದನ್ನು ಅವನು ನೂರಾರು ಸಲ ನೋಡಿದ್ದ. ಹೆತ್ತ ತಾಯಿಗಿಂತ ಹೆಚ್ಚು ಎಂದುಕೊಂಡಿದ್ದ. ಬಾಯಿಬಿಟ್ಟು ಮರ್ಲಾಗೂ ಹಾಗೇ ಹೇಳಿ ಅವಳ ಕೈಲಿ ಚೆನ್ನಾಗಿ ಅನ್ನಿಸಿಕೊಂಡಿದ್ದ. ಹೇಳಿ ಮುಗಿಸಿದ ಮೇಲೆ ಪೆಗ್ ಮೇಲಕ್ಕೆ, ಗಾಜಿನ ಕಡೆಗೆ ತಿರುಗುತ್ತಿದ್ದಳು. ಇವನ ಕಡೆ ಬೆರಳು ತೋರಿಸಿ ನಗುತ್ತಿದ್ದಳು. ಮಗಳೂ ತಲೆಯೆತ್ತಿ ನೋಡುತ್ತಿದ್ದಳು. ಆಗ ಇವನು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತು ಹೆಬ್ಬೆಟ್ಟು ಎತ್ತಿ ತೋರಿಸುತ್ತಿದ್ದ, ಶಭಾಷ್ ಎಂದು. ಪ್ರತಿ ಸಲವೂ. ಉಳಿದ ತಂದೆತಾಯಿಗಳು ಅವನಿಗೆ ಹೆಬ್ಬೆಟ್ಟಿನ ಲೋರೆನ್ ಎಂದು ಹೆಸರಿಟ್ಟಿದ್ದರು, ಅದು ಅವನಿಗೆ ಇಷ್ಟವೂ ಆಗಿತ್ತು.

"ನಿಮ್ಮಪ್ಪ," ಎಂದಿತು ಗ್ಯಾರೇಜಿನ ದನಿ. ತನ್ನ ಮಾತು ಬಂತೆಂದು ಅವನು ಒಂದು ಕ್ಷಣ, ಎಂಥ ನಾಚಿಕೆಗೇಡು, ಹಿಗ್ಗಿದ. "ನಿಮ್ಮಪ್ಪ ಕತ್ತಲೆಯಲ್ಲೇ ಎದ್ದು, ಕಾರಿನ ಮೇಲಿನ ಹಿಮ ಕೆರೆದು, ನಿನ್ನನ್ನ ಕರ್ಕೊಂಡು ಬರ್ತಿದ್ದದ್ದು ಇದಕ್ಕಾ? ಮೂಟೆ ಹೊತ್ತೋಳ ಥರ ತಿರುಗೋದಕ್ಕಾ? ಆ ಮನುಷ್ಯನ ಮುಖಕ್ಕೆ ಉಗೀತಾ ಇದ್ದೀಯ ನೀನು, ತಿಳೀತಾ? ಹೋಗಿ ಹೇಳು ಅವನಿಗೆ, ಅಪ್ಪಾ ನಂಗೆ ಇಷ್ಟೇ ಆಗೋದು, ನಿನ್ನ ಜೀವನ ಹಾಳು ಮಾಡಿದೆ ಅಂತ. ಹೇಳ್ತೀಯಾ? ಇಲ್ಲ ತಾನೆ? ಹಾಗಾದ್ರೆ ಹತ್ತು." ತೊಲೆಯ ಮೇಲೆ ಬರಿಗಾಲು ಬಿದ್ದ ಸದ್ದು. ಲೋರೆನ್ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ, ಕಾಣದ ಹಾಗೆ. ಹೋಗಬೇಕು, ಈಗಲೇ ಬಾಗಿಲು ತೆಗೆದು ಒಳಗೆ ಹೋಗಬೇಕು ಎಂದುಕೊಂಡ. ಬಾಣಲೆ ಒರೆಸಿ ಮೊಳೆಗೆ ನೇತುಹಾಕಿದ. ಅಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರು ಕರೆಯಿತು. ವಿಮೆ ಕಂಪನಿಯ ಕೆಲಸ. ಆಲಿಕಲ್ಲು ಬಿದ್ದು ಸೂರು ಹಾಳಾದವರ ಜೊತೆ ಮಾತಾಡಿ ಎಷ್ಟು ಹಾನಿಯೆಂದು ತೀರ್ಮಾನ ಮಾಡುವುದು. ಇಂಡಿಯಾನಾದ ಮಿಸೆಸ್ ಗ್ರೇಬಿಲ್ ಎಂಬ ಮುದುಕಿ ಪರದೆಯ ತುಂಬ ತನ್ನ ಮೂಗಿನ ಹೊಳ್ಳೆ ತೋರಿಸುತ್ತ, "ನಾನು ಮಾತಾಡೋದು ಕೇಳಿಸ್ತಾ ಇದೆಯಾ? ಯಾರಿಗಾದ್ರೂ ಕೇಳಿಸ್ತಾ ಇದೆಯಾ?" ಎನ್ನುತ್ತಿದ್ದಳು. ಕೇಳಿಸ್ತಿದೆ ಹೇಳಿ, ಎಂದ ಲೋರೆನ್. ಅವಳ ಮನೆಯ ಮಾಳಿಗೆ ಯಾವ ಯಾವ ಕಡೆ ಸೋರುತ್ತಿದೆ, ಯಾವಾಗಿನಿಂದ ಸೋರುತ್ತಿದೆ, ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಒಂದೊಂದಾಗಿ ಕೇಳಿದ. ಆ ಕೊನೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಕೆಂಬುದು ಕಂಪನಿಯ ನಿಯಮ.

ಮಧ್ಯಾಹ್ನ ಕೆಂಡ್ರಾ ಒಳಗೆ ಬಂದಾಗ ಕೂದಲು ಹಣೆಗಂಟಿತ್ತು, ಮೊಣಕಾಲಿನವರೆಗೆ ಜಾರದಿರಲೆಂದು ಹಚ್ಚುವ ಬಿಳಿ ಪುಡಿ. ಹದಿನೇಳು ವರ್ಷದ ಹುಡುಗಿ, ನೋಡಿದರೆ ಹನ್ನೆರಡು ಎನ್ನಬೇಕು. ಬೇಯಿಸಿದ ಮೊಟ್ಟೆ ಒಡೆದು ಹಳದಿಯನ್ನು ನಾಯಿಗೆ ಹಾಕಿ ಬಿಳಿಯನ್ನಷ್ಟೇ ಚೂರು ಚೂರು ತಿಂದಳು. ಇನ್ನೊಂದು ಕೈಯಲ್ಲಿ ಪೊರಕೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ತಿರುವುತ್ತಲೇ ಇದ್ದಳು. ಕಂಬಿಯ ಮೇಲೆ ತೂಗಿ ತೂಗಿ ಅಂಗೈಯಲ್ಲಿ ಎದ್ದ ದಡ್ಡು ಮನೆಯಲ್ಲಿ ಕೂತು ಮೆತ್ತಗಾಗುತ್ತಿದೆ, ಮೆತ್ತಗಾದರೆ ಮತ್ತೆ ಹಿಡಿದ ದಿನವೇ ಚರ್ಮ ಕಿತ್ತು ಬರುತ್ತದೆ, ಅದಕ್ಕೆ ಹೀಗೆ ಉಜ್ಜಿಕೊಂಡಿರಬೇಕು. ಮಕ್ಕಳ ಕೈ ಒರಟಾಯಿತಲ್ಲ ಎಂದು ಕೊರಗುವ ತಂದೆಯರಿದ್ದಾರೆ. ಇಲ್ಲಿ ಕೈ ಮೃದುವಾಯಿತೆಂದು ಮನೆಮಂದಿಗೆಲ್ಲ ಚಿಂತೆ. ಅವನು ಅವಳ ಕೈಯನ್ನೇ ನೋಡುತ್ತಿದ್ದವನು, "ನಂಗೇನೂ ಕೇಳಿಸ್ಲಿಲ್ಲ ಬೆಳಗ್ಗೆ. ಕಾಲ್‌ನಲ್ಲಿದ್ದೆ," ಎಂದುಬಿಟ್ಟ. ಅವಳು ಏನೂ ಕೇಳಿಯೇ ಇರಲಿಲ್ಲ. ಪೊರಕೆ ತಿರುಗುವುದು ನಿಂತಿತು. "ಸರಿ ಬಿಡು," ಎಂದಳು ಕೆಂಡ್ರಾ, ಮೊಟ್ಟೆಯ ತಟ್ಟೆ ತೊಳೆದಿಟ್ಟು ಮೇಲೆ ಹೋದಳು.

ಇದೆಲ್ಲ ಈಗಲೇ ಯಾಕೆ ಕಿವಿಗೆ ಬೀಳಬೇಕಿತ್ತು? ಬೇಸಿಗೆಯ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋದ ಸುದ್ದಿ ಬಂದ ದಿನ ಊರಿನವರೆಲ್ಲ ಫೋನ್ ಮಾಡಿ, ಹೋಗ್ಲಿ ಬಿಡಿ, ಇನ್ನೊಂದು ವರ್ಷ ಅಭ್ಯಾಸಕ್ಕೆ ಸಿಕ್ಕಿತಲ್ಲ ಎಂದಿದ್ದರು. ಊರಿನವರಿಗೇನು ಗೊತ್ತು! ಹುಡುಗಿಗೆ ಹದಿನಾರು ತುಂಬುವ ವರ್ಷವಾದರೂ ಆಗಿರಬೇಕು ಎನ್ನುವುದು ಆಟದ ನಿಯಮ. ಈ ವರ್ಷ ಚಿಕ್ಕವರಾಗಿದ್ದವರು ಮುಂದಿನ ವರ್ಷ ಅರ್ಹರು. ಪೆಗ್‌ಳ ಕೈಯಲ್ಲೇ ಬ್ರಿನ್ ಎಂಬ ಒಂದು ಹುಡುಗಿಯಿದ್ದಳು, ಗುಬ್ಬಿಯಂಥವಳು, ಬಿದ್ದರೂ ಸದ್ದಾಗದಂಥವಳು. ಆ ಸುದ್ದಿ ಬರುವವರೆಗೆ ಅವಳು ಲೆಕ್ಕಕ್ಕಿರಲಿಲ್ಲ. ಈಗ ರಾಷ್ಟ್ರೀಯ ಶಿಬಿರಕ್ಕೆ ಪೆಗ್ ಯಾರಾದರೂ ಒಬ್ಬಳ ಹೆಸರು ಕಳಿಸಬೇಕು, ಈ ಶುಕ್ರವಾರವೇ. ಕೆಂಡ್ರಾ ಇಲ್ಲವೇ ಬ್ರಿನ್. ಶಿಬಿರಕ್ಕೆ ಹೋಗದವಳು ಒಲಿಂಪಿಕ್ಸ್ ತಂಡಕ್ಕೆ ಹೋಗುವ ಮಾತೇ ಇಲ್ಲ. ಇಂಥ ವಾರದಲ್ಲಿ ಪೆಗ್‌ಳ ಎದುರು ನಿಂತು ನಿಮ್ಮ ನಾಲಿಗೆ ಸರಿಯಿಲ್ಲ ಎನ್ನುವುದು ಹೇಗೆ? ಹಾಗೆಂದು ಲೋರೆನ್ ತನಗೆ ತಾನೇ ಹೇಳಿಕೊಂಡ. ಮಗಳಿಗೋಸ್ಕರ, ಅವಳ ಕನಸಿಗೋಸ್ಕರ. ಆದರೆ ಕಾರಿನ ಹಿಂದೆ ಅಂಟಿಸಿದ, ಮಗಳ ಹೆಸರಿನ ಚೀಟಿ ಅವನದು, ಊರಿನ ಪತ್ರಿಕೆಯಲ್ಲಿ ಮಗಳ ಪಕ್ಕ ನಿಂತ ಚಿತ್ರವನ್ನು ಆಫೀಸಿನ ಗೋಡೆಗೆ ಹಾಕಿದವನು ಅವನು. ಸೂರು ಸೋರುವವರ ಜೊತೆ ಮಾತಾಡಿ ಮಾತಾಡಿ ಐವತ್ತಕ್ಕೆ ಬಂದ ಮನುಷ್ಯ. ಡೇಟನ್ ಊರಿನ ಈ ಬೀದಿಯಲ್ಲಿ ಅವನಿಗೊಂದು ಹೆಸರಿದ್ದರೆ ಅದು ಕೆಂಡ್ರಾಳ ಅಪ್ಪ ಎನ್ನುವುದೊಂದೇ. ಅದೂ ಹೋದರೆ ಅವನು ಯಾರು?

ಮರ್ಲಾ ಸಂಜೆ ಬಂದಳು. ದಿನಸಿ ಅಂಗಡಿಯೊಳಗಿನ ಔಷಧಿ ಕೌಂಟರಿನಲ್ಲಿ ಅವಳ ಕೆಲಸ, ಅದೊಂದು ಬಾಗಿಲು ಹಾಕುವಂತಿರಲಿಲ್ಲ. ಬಟ್ಟೆಯನ್ನೆಲ್ಲ ಬಾಗಿಲಲ್ಲೇ ಚೀಲಕ್ಕೆ ತುಂಬಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮುಖದ ಮೇಲೆ ಮಾಸ್ಕಿನ ಗೆರೆ ಹೊತ್ತು ಕುರ್ಚಿಯಲ್ಲಿ ಕುಸಿದಳು. ಅವನು ತಕ್ಷಣ ಶುರುಮಾಡಬಾರದಿತ್ತು, ಮಾಡಿದ.

"ಪೆಗ್ ನಮ್ಮ ಹುಡುಗಿ ಹತ್ರ ಹೆಂಗೆ ಮಾತಾಡ್ತಾಳೆ ಗೊತ್ತಾ ನಿಂಗೆ?"

"ನನ್ನನ್ನೇನು ಕೇಳ್ತೀಯ? ವರ್ಷಗಟ್ಲೆ ಅಲ್ಲಿ ಕೂತು ಕಾಫಿ ಕುಡಿದೋನು ನೀನು."

"ಅಲ್ಲಿ ಕೇಳಿಸ್ತಿರ್ಲಿಲ್ಲ ಕಣೇ. ಗಾಜು."

"ಕಾಣಿಸ್ತಿತ್ತಲ್ಲ," ಎಂದಳು ಮರ್ಲಾ. ಆಮೇಲೆ, "ಈಗ ಕೇಳಿಸ್ತಾ? ಏನ್ಮಾಡ್ದೆ?"

"ಕಾಲ್ ಇತ್ತು."

ಮರ್ಲಾ ನಕ್ಕಳು, ನಗಬೇಕೆಂದು ನಕ್ಕದ್ದಲ್ಲ. "ಇವತ್ತೊಬ್ಬ ಮುದುಕ ಮಾಸ್ಕ್ ಕೆಳಗಿಳಿಸಿ ಬೇಕೂಂತ ನಮ್ಮ ಹುಡುಗಿ ಮುಖದ ಮೇಲೆ ಕೆಮ್ಮಿದ. ನಮ್ಮ ಹುಡುಗಿ ಅಂದ್ರೆ ಕೌಂಟರಿಗೆ ಹೊಸದಾಗಿ ಸೇರಿದೋಳು, ಅವಳ ಹೆಸರೂ ನಂಗೆ ಸರಿಯಾಗಿ ಗೊತ್ತಿಲ್ಲ. ನಾನು ಈಚೆ ಬಂದು ಅವನನ್ನ ಬಾಗಿಲವರೆಗೂ ನಡೆಸಿಕೊಂಡು ಹೋಗಿ ಆಚೆ ಹಾಕ್ದೆ. ಹೆಸರು ಗೊತ್ತಿಲ್ಲದ ಹುಡುಗಿಗೆ, ಲೋರೆನ್. ಇವಳು ನಿನ್ನ ಮಗಳು."

"ಹಾಗಾದ್ರೆ ನೀನೇ ಮಾತಾಡು ಪೆಗ್ ಹತ್ರ."

"ನಾನು ಬಾಯಿಬಿಟ್ರೆ ಅಲ್ಲಿಗೆ ಮುಗೀತು. ಹುಡುಗೀನ ಬಿಡಿಸಿಬಿಡ್ತೀನಿ. ಬಿಡಿಸ್ಲಾ? ಈಗ್ಲೇ ಫೋನ್ ಮಾಡ್ಲಾ?" ಅವಳು ನಿಜವಾಗಿಯೂ ಫೋನು ಕೈಗೆತ್ತಿಕೊಂಡಳು. ಅವನು ಫೋನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಅಂಗಿಯ ಗುಂಡಿಯೊಂದನ್ನು ಹಾಕಿ ತೆಗೆದು ಹಾಕಿದ. "ನೋಡ್ದಾ," ಎಂದು ಅವಳು ಫೋನನ್ನು ಮಗುಚಿಟ್ಟಳು. "ನಾಳೆ ಮಾತಾಡ್ತೀನಿ," ಎಂದ ಲೋರೆನ್. "ದೇವರಾಣೆ, ನಾಳೆ ಬೆಳಗ್ಗೆ." ಮರ್ಲಾ ಕಣ್ಣು ಮುಚ್ಚಿ, ಸೂಪಿನ ಡಬ್ಬಿ ಯಾವುದಾದ್ರೂ ಇದ್ರೆ ಬಿಸಿ ಮಾಡು ಎಂದಳು.

ಬೆಳಗ್ಗೆ ಹಲ್ಲುಜ್ಜುವಾಗ ಅವನು ವಾಕ್ಯ ಸಿದ್ಧಮಾಡಿಕೊಂಡ. ಪೆಗ್ ಅವರೇ, ನನ್ನ ಮಗಳ ಹತ್ತಿರ ಹೀಗೆಲ್ಲ ಮಾತಾಡಬೇಡಿ. ಚೆನ್ನಾಗಿತ್ತು, ಗಟ್ಟಿಯಾಗಿತ್ತು. ಗಡ್ಡ ಹೆರೆದುಕೊಳ್ಳುವಾಗ ಅದಕ್ಕೊಂದು 'ದಯವಿಟ್ಟು' ಸೇರಿತು. ಮೆಟ್ಟಿಲಿಳಿಯುವಾಗ 'ನಿಮ್ಮ ಶ್ರಮ ನಮಗೆ ಗೊತ್ತು' ಎಂದು ಮೊದಲು ಹೇಳುವುದು ಒಳ್ಳೆಯದೆನ್ನಿಸಿತು. ಕಾಫಿ ಇಳಿಯುವ ಹೊತ್ತಿಗೆ ಆ ವಾಕ್ಯ ಒಂದು ವಂದನಾರ್ಪಣೆಯ ಭಾಷಣವೇ ಆಗಿ, ಮೊದಲು ಏನು ಹೇಳಬೇಕೆಂದಿದ್ದೆ ಎಂಬುದನ್ನು ಅವನು ಹುಡುಕಬೇಕಾಯಿತು. ಕಿಟಕಿಯ ಸಂದಿನಿಂದ ದನಿ ಬರತೊಡಗಿತ್ತು. "ಬ್ರಿನ್‌ನ ನೋಡು. ನೋಡೇ, ಕಣ್ಣಿಲ್ವಾ? ಅವಳಿಗೆ ನಿನ್ನ ಜಾಗ ಬೇಕು, ನಿಂಗೆ ನಿನ್ನ ಜಾಗ ಬೇಡ. ಅಷ್ಟೇ ವ್ಯತ್ಯಾಸ. ನೀನಿಲ್ಲದಿದ್ರೆ ಇಲ್ಲಿ ಯಾರೂ ಅಳಲ್ಲ, ನಿಮ್ಮಪ್ಪನ್ನ ಬಿಟ್ಟು." ಲೋರೆನ್ ಲೋಟ ಇಟ್ಟ. ಗ್ಯಾರೇಜಿನ ಬಾಗಿಲು ತೆರೆದ.

ಸಿಮೆಂಟಿನ ಚಳಿ ಚಪ್ಪಲಿಯ ಮೂಲಕ ಕಾಲಿಗೆ ತಾಗಿತು. ಕೆಂಡ್ರಾ ತೊಲೆಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಳು, ಇನ್ನೊಂದು ಕಾಲು ಕಿವಿಯ ಹತ್ತಿರ. ಅಪ್ಪ ಬಂದನೆಂದು ತಲೆ ತಿರುಗಿಸಲಿಲ್ಲ, ಎದುರಿನ ಗೋಡೆಯ ಮೇಲಿನ ಎಲೆ ಬಾಚುವ ಕುಂಟೆಯನ್ನೇ ನೋಡುತ್ತಿದ್ದಳು. ಲ್ಯಾಪ್‌ಟಾಪಿನ ಒಂದು ಚೌಕದಲ್ಲಿ ಪೆಗ್. ಅವಳೂ ತನ್ನ ಅಡುಗೆಮನೆಯಲ್ಲಿ ಕೂತಿದ್ದಳು. ಹಿಂದೆ ಹಳದಿ ಪರದೆ, ಬಿಸ್ಕತ್ತಿನ ಜಾಡಿ, ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಇಂಥ ಮಾತಾಡುವವಳ ಮನೆಯಲ್ಲೂ ಬಿಸ್ಕತ್ತಿನ ಜಾಡಿ ಇರುತ್ತದೆಂಬುದು ಯಾಕೋ ಅವನ ಧೈರ್ಯವನ್ನು ಉಡುಗಿಸಿತು.

"ಓಹೋಹೋ, ಬಂದ್ರಲ್ಲ ನಮ್ಮ ಹೆಬ್ಬೆಟ್ಟಿನ ಲೋರೆನ್ನು!" ಪೆಗ್‌ಳ ದನಿ ಜೇನು ಹಚ್ಚಿಕೊಂಡಿತು. "ಹುಡುಗೀರಾ, ನಮಸ್ಕಾರ ಹೇಳಿ." ಚೌಕ ಚೌಕಗಳಲ್ಲಿ ಹುಡುಗಿಯರು ಕೈಯಾಡಿಸಿದರು. ಕೆಲವರ ಹಿಂದೆ, ಅರ್ಧ ತೆರೆದ ಬಾಗಿಲಲ್ಲಿ, ಸೋಫಾದ ಅಂಚಿನಲ್ಲಿ, ಯಾರದೋ ಅಪ್ಪನ ತೋಳು, ಯಾರದೋ ಅಮ್ಮನ ಬೆನ್ನು. ಅವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಇಷ್ಟು ವಾರಗಳಿಂದ ಎಲ್ಲರ ಮನೆಯಲ್ಲೂ ಎಲ್ಲರಿಗೂ ಕೇಳಿಸುತ್ತಿತ್ತು. ಯಾರೂ ಯಾರಿಗೂ ಫೋನ್ ಮಾಡಿರಲಿಲ್ಲ.

"ಪೆಗ್ ಅವರೇ," ಎಂದ ಲೋರೆನ್.

"ಕೇಳಿಸ್ತಿಲ್ಲ, ಸ್ವಲ್ಪ ಹತ್ರ ಬನ್ನಿ. ನಿಮ್ಮ ಹುಡುಗಿಗೆ ಒಂಚೂರು ಬಿಸಿ ಮುಟ್ಟಿಸ್ತಾ ಇದ್ದೆ. ಶುಕ್ರವಾರ ಹೆಸರು ಕಳಿಸ್ಬೇಕಲ್ಲ, ನನಗೂ ಅವಳ ಹೆಸರೇ ಬರೆಯೋ ಆಸೆ. ಏನಂತೀರಿ, ಸರಿ ತಾನೆ?"

ಅವನು ಹತ್ತಿರ ಹೋದ. ತೊಲೆಯನ್ನು ದಾಟಿ, ಮಗಳ ಎತ್ತಿದ ಕಾಲಿನ ಕೆಳಗೆ ತಲೆ ತಗ್ಗಿಸಿ. ಪರದೆಯ ಮೂಲೆಯಲ್ಲಿ ತನ್ನದೇ ಮುಖ ಕಂಡಿತು, ಬಾಯಿ ಸ್ವಲ್ಪ ತೆರೆದಿತ್ತು. "ಕಿಟಕಿ," ಎಂದಿತು ಆ ಬಾಯಿ. "ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚಲ್ಲ. ಬಣ್ಣ ಕೆರೆಯೋ ಬ್ಲೇಡು ಇಲ್ಲೆಲ್ಲೋ ಇತ್ತು, ಹುಡುಕೋಣ ಅಂತ ಬಂದೆ."

"ಅದೊಂದು ಮಾಡಿ ಪುಣ್ಯ ಕಟ್ಕೊಳ್ಳಿ ಮಾರಾಯರೇ. ನಿಮ್ಮ ಪಾತ್ರೆ ಸದ್ದು, ನಲ್ಲಿ ಸದ್ದು, ಎಲ್ಲಾ ಇಲ್ಲಿವರೆಗೂ ಕೇಳುತ್ತೆ!" ಹಾಗಾದರೆ ಅವಳಿಗೆ ಗೊತ್ತಿತ್ತು. ಅಡುಗೆಮನೆಯದು ತನಗೆ ಕೇಳುವುದಾದರೆ ತನ್ನದು ಅಡುಗೆಮನೆಗೆ ಕೇಳುತ್ತದೆಂದು ಯಾರಿಗೂ ಹೊಳೆಯುವ ಮಾತು. ಗೊತ್ತಿದ್ದೇ ಆಡಿದ್ದಳು, ಏನು ಮಹಾ ಮಾಡಿಯಾನು ಎಂದು ಆಡಿದ್ದಳು. ಸಿಟ್ಟು ನೆತ್ತಿಗೇರಿತು, ನಿಜವಾಗಿ ಏರಿತು. ಆಗಲೇ ಅವನ ಬಲಗೈ ಮೇಲೆದ್ದು ಹೆಬ್ಬೆಟ್ಟು ತೋರಿಸಿತು. ಪೆಗ್ ಚಪ್ಪಾಳೆ ತಟ್ಟಿದಳು. ಅವನು ಬಾಗಿಲು ಎಳೆದುಕೊಂಡು ಬರುವವರೆಗೂ ಕೆಂಡ್ರಾಳ ಎತ್ತಿದ ಕಾಲು ಒಂದಿಷ್ಟೂ ಅಲುಗಲಿಲ್ಲ.

ಹೇಳಿದ ಮೇಲೆ ಮಾಡಲೇಬೇಕಲ್ಲ. ಮಧ್ಯಾಹ್ನ ಕೆಲಸ ನಿಲ್ಲಿಸಿ ಲೋರೆನ್ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಮೊಣಕಾಲೂರಿ ಚೌಕಟ್ಟಿನ ಸಂದಿಗೆ ಬ್ಲೇಡು ತೂರಿಸಿದ. ಬಣ್ಣ ಪದರ ಪದರವಾಗಿ ಎದ್ದಿತು. ಬಿಳಿ, ಅದರ ಕೆಳಗೆ ತಿಳಿಹಸಿರು, ಅದರ ಕೆಳಗೆ ಯಾರದೋ ಕಾಲದ ಕೆನೆಬಣ್ಣ. ಕೈಗೆ ಕೆಲಸ ಸಿಕ್ಕಿ ಮನಸ್ಸಿಗೆ ಸಮಾಧಾನವಾಯಿತು, ಇಷ್ಟು ಸುಲಭದ್ದನ್ನು ಯಾಕೆ ಇಷ್ಟು ವರ್ಷ ಮುಂದೂಡಿದೆನೋ ಎಂದುಕೊಂಡ. ಹುಟ್ಟುಹಬ್ಬದ ಡಬ್ಬಿಯಿಂದ ಒಂದು ಮೋಂಬತ್ತಿ ತೆಗೆದು ಚೌಕಟ್ಟು ಜಾರುವ ದಾರಿಗೆ ಉಜ್ಜಿದ. ಆಚೆ ಕೆಂಡ್ರಾ ಚಾಪೆ ಸುತ್ತಿಡಲು ಬಂದಿದ್ದಳು. ಬಂದವಳು ಕಿಟಕಿಯ ಹತ್ತಿರ ನಿಂತಳು. ಗಾಜು ಮೇಲಕ್ಕೆತ್ತಿದ್ದರಿಂದ ನಡುವೆ ಏನೂ ಇರಲಿಲ್ಲ.

"ಬ್ಲೇಡು ಅಡುಗೆಮನೆ ಡ್ರಾಯರ್‌ನಲ್ಲೇ ಇರುತ್ತೆ ಅಪ್ಪಾ, ಯಾವಾಗ್ಲೂ," ಎಂದಳು.

"ಹೌದಾ? ಮರೆತಿದ್ದೆ."

"ಇಷ್ಟು ವರ್ಷ ಕೇಳಿಸ್ಕೊಂಡೇ ಇದ್ಯಲ್ಲ. ಈಗ್ಯಾಕೆ ಮುಚ್ತೀಯ?"

"ಎಲ್ಲಿ ಕೇಳಿಸ್ಕೊಂಡೆ? ನಾನು ಮೇಲಿನ ಕೋಣೆಲಿದ್ದೆ, ನಿನ್ನೆ ತಾನೆ—"

"ಮನೇಲಲ್ಲ. ಜಿಮ್‌ನಲ್ಲಿ."

ಅವನ ಕೈಯ ಮೋಂಬತ್ತಿ ನಿಂತಿತು. ಆ ಕೋಣೆಗೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲವೆಂಬುದು, ಕೆಳಗೆ ನಿಂತವಳಿಗೆ ಆ ಗಾಜು ಎಷ್ಟು ದಪ್ಪವೆಂದು ಗೊತ್ತಾಗುವ ಬಗೆಯಿಲ್ಲವೆಂಬುದು ಅವನ ತಲೆಗೆ ಎಂದೂ ಬಂದಿರಲಿಲ್ಲ. "ಆ ಕೋಣೆಲಿ ಏನೂ ಕೇಳಿಸಲ್ಲ ಕೆಂಡ್ರಾ," ಎಂದ. "ಒಂದಕ್ಷರವೂ ಕೇಳಿಸಲ್ಲ. ಅದನ್ನ ಕಟ್ಟಿರೋದೇ ಹಾಗೆ."

"ಸುಳ್ಳು. ಅವಳು ಬೈದು ಮುಗಿಸಿ ನಿನ್ನ ಕಡೆ ಕೈ ತೋರಿಸಿ, ಕೇಳು ನಿಮ್ಮಪ್ಪನ್ನೇ, ನಾನು ಹೇಳಿದ್ದು ಹೌದೋ ಅಲ್ವೋ ಅಂತಿದ್ಲು. ಪ್ರತಿ ಸಲ. ನೀನು ಎದ್ದು ನಿಂತ್ಕೊಂಡು ಹೆಬ್ಬೆಟ್ಟು ಎತ್ತುತ್ತಿದ್ದೆ."

"ನೀನು ಚೆನ್ನಾಗಿ ಮಾಡ್ತಿದ್ದೀಯ ಅಂತ ಎತ್ತುತ್ತಿದ್ದೆ ಕಣೇ! ಅದಕ್ಕೇ ಎತ್ತುತ್ತಿದ್ದದ್ದು!"

ಅವಳು ಅವನ ಮುಖವನ್ನು ನೋಡಿದಳು. ಕಳ್ಳನೋ ಸಾಚಾನೋ ಎಂದು ನೋಡುವ ಹಾಗೆ ನೋಡಿದಳು, ಬಹಳ ಹೊತ್ತು. ಅವನು ಕಣ್ಣು ತಪ್ಪಿಸಲಿಲ್ಲ, ಯಾಕೆಂದರೆ ಇದೊಂದು ನಿಜವಾಗಿತ್ತು. ಸುತ್ತಿದ ಚಾಪೆ ತೋಳಿನಿಂದ ಜಾರಿ ನೆಲಕ್ಕೆ ಬಿತ್ತು. "ಹಾಗಾದ್ರೆ ನಿಂಗೆ ಗೊತ್ತೇ ಇರ್ಲಿಲ್ಲ," ಎಂದಳು. "ಅಪ್ಪಾ, ನಿಂಗೆ ಗೊತ್ತೇ ಇರ್ಲಿಲ್ವಾ?" ಹೊಟ್ಟೆಯೊಳಗೆ ಎಷ್ಟು ಹೊತ್ತಿನಿಂದಲೋ ಕಟ್ಟಿಟ್ಟಿದ್ದ ಉಸಿರು ಬಿಟ್ಟಳು, ಹಲ್ಲು ಬೀಳುತ್ತಿದ್ದ ಕಾಲದ ಮುಖ ಒಂದು ಗಳಿಗೆ ಆ ಕಿಟಕಿಯಲ್ಲಿ ಬಂದು ನಿಂತಿತು. ಕೈ ಚಾಚಿದ್ದರೆ ಕೆನ್ನೆ ಸಿಗುತ್ತಿತ್ತು. "ಹಾಗಾದ್ರೆ ಬೆಳಗ್ಗೆ ನೀನು ಅವಳಿಗೆ ಹೇಳೋಕೇ ಬಂದಿದ್ದು ಅಲ್ವಾ? ಬ್ಲೇಡಿಗಲ್ಲ. ಹೇಳೋಕೆ ಬಂದು, ಎಲ್ಲರೂ ಇದ್ರಲ್ಲ, ಅದಕ್ಕೆ ಆಗ್ಲಿಲ್ಲ. ಅಲ್ವಾ? ಈಗ ಫೋನ್ ಮಾಡಿ ಹೇಳ್ತೀಯ."

ಹೌದು ಎಂದರೆ ಸಾಕಿತ್ತು. ಎರಡಕ್ಷರ, ಯಾವ 'ದಯವಿಟ್ಟು' ಬೇಕಾಗಿರಲಿಲ್ಲ. ಲೋರೆನ್‌ನ ಕಣ್ಣ ಮುಂದೆ ಶಿಬಿರದ ಹೆಸರು ಬಂತು, ಬ್ರಿನ್‌ಳ ಅಪ್ಪ ಅದೇ ಮೆತ್ತನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತದ್ದು ಬಂತು, ಆಫೀಸಿನ ಗೋಡೆಯಿಂದ ಚಿತ್ರ ತೆಗೆದ ಮೇಲೆ ಉಳಿಯುವ ಮೊಳೆ ಬಂತು.

"ಶುಕ್ರವಾರ ಒಂದು ಆಗ್ಲಿ ಕಂದಾ," ಎಂದ. "ಹೆಸರು ಹೋಗ್ಲಿ. ಆಮೇಲೆ ಮಾತಾಡೋಣ."

ಕೆಂಡ್ರಾ ಬಗ್ಗಿ ಚಾಪೆ ಎತ್ತಿಕೊಂಡಳು. ಮತ್ತೆ ಸುತ್ತಿದಳು, ಅಂಚು ಸರಿಯಾಗಿ ಕೂರುವವರೆಗೆ ನಿಧಾನವಾಗಿ ಸುತ್ತಿ, ಗೋಡೆಗೆ ಒರಗಿಸಿದಳು. ಮುಖ ಮೇಲೆತ್ತಿದಾಗ ಅದು ಬೆಳಗ್ಗೆ ಒಂಟಿ ಕಾಲಲ್ಲಿ ನಿಂತವಳ ಮುಖವಾಗಿತ್ತು.

"ಮುಚ್ಚು ಅಪ್ಪಾ," ಎಂದಳು. "ಚಳಿ ಬರ್ತಿದೆ."

ಚೌಕಟ್ಟು ಮೋಂಬತ್ತಿಯ ಮೇಣದ ಮೇಲೆ ಜಾರಿ, ಹಗುರಾಗಿ ಇಳಿದು, ಟಕ್ ಎಂದು ಕೂತಿತು. ಸಂಜೆ ಮರ್ಲಾ ಬಂದವಳು ಕಿಟಕಿ ನೋಡಿ, ಅಬ್ಬಾ, ಕಡೆಗೂ ಎಂದಳು. ಆಮೇಲೆ, "ಮಾತಾಡಿದ್ಯಾ?" ಎಂದು ಕೇಳಿದಳು. ಅವನು ಸೂಪು ಕಲಕುತ್ತಿದ್ದ. "ಶುಕ್ರವಾರ ಆದ್ಮೇಲೆ," ಎಂದ. ಮರ್ಲಾ ಕಿಟಕಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಊಟ ಬೇಡವೆಂದು ಮೇಲೆ ಹೋದಳು.

ಮರುದಿನ ಬೆಳಗ್ಗೆ ಅಡುಗೆಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಹೊಸದೆಂಬಂತೆ ಕೇಳುತ್ತಿತ್ತು. ಪೆಟ್ರೋಲ್ ವಾಸನೆಯಿರಲಿಲ್ಲ, ಚಳಿಯಿರಲಿಲ್ಲ. ಲೋರೆನ್ ಕಾಫಿ ಬಗ್ಗಿಸಿಕೊಂಡು ಮೇಜಿಗೆ ಹೋಗಬೇಕೆಂದು ಹೊರಟವನು ಸಿಂಕಿನ ಮುಂದೆ ನಿಂತ. ಗಾಜಿನಾಚೆ ಕೆಂಡ್ರಾ ತೊಲೆಯ ಮೇಲೆ ಹಿಂದಕ್ಕೆ ಉರುಳಿ ಕೈಯೂರಿ ಕಾಲೂರಿ ಎದ್ದಳು, ತೂಗಿದಳು, ಒಂದು ಕಾಲು ಜಾರಿ ಕೆಳಗಿಳಿದಳು. ಲ್ಯಾಪ್‌ಟಾಪಿನ ಚೌಕದಲ್ಲಿ ಪೆಗ್‌ಳ ತುಟಿಗಳು ಆಡತೊಡಗಿದವು. ಆಡಿದವು, ಆಡಿದವು. ಕೆಂಡ್ರಾ ಕೈ ಎರಡೂ ಬೆನ್ನಿಗೆ ಕಟ್ಟಿಕೊಂಡು ಕೇಳಿಸಿಕೊಂಡಳು. ಇಲ್ಲಿಂದ ನೋಡುವವರಿಗೆ ಯಾರೋ ದೊಡ್ಡವರು ಚಿಕ್ಕವರಿಗೆ ಏನೋ ಒಳ್ಳೆಯದನ್ನೇ ಹೇಳುತ್ತಿದ್ದಾರೆ ಎನ್ನಿಸಬೇಕು. ಅಷ್ಟು ಚೆನ್ನಾಗಿ ಕೂತಿತ್ತು ಕಿಟಕಿ.

ತುಟಿಗಳು ನಿಂತ ಮೇಲೆ ಕೆಂಡ್ರಾ ಮತ್ತೆ ತೊಲೆ ಹತ್ತಿದಳು. ಹತ್ತಿ, ಶುರುಮಾಡುವ ಮೊದಲು, ಕಿಟಕಿಯ ಕಡೆ ತಿರುಗಿದಳು. ಅಪ್ಪ ಅಲ್ಲಿರುತ್ತಾನೆಂದು ಅವಳಿಗೆ ಗೊತ್ತೇ ಇತ್ತು. ಬಿಳಿ ಪುಡಿ ಮೆತ್ತಿದ ಬಲಗೈ ಮುಂದಕ್ಕೆ ಚಾಚಿ ಹೆಬ್ಬೆಟ್ಟು ಎತ್ತಿದಳು. ನಗುತ್ತಿರಲಿಲ್ಲ. ಹಾಗೇ ಹಿಡಿದು ನಿಂತಳು. ಹಿಂದೆ ಮೇಜಿನ ಮೇಲೆ ಕಂಪ್ಯೂಟರು ಕರೆಯುತ್ತಿತ್ತು, ಕರೆದು ಕರೆದು ಸುಮ್ಮನಾಯಿತು. ಅವನು ಲೋಟ ಕೆಳಗಿಟ್ಟ. ಅವನು ತನ್ನ ಹೆಬ್ಬೆಟ್ಟು ಎತ್ತುವವರೆಗೂ ಅವಳು ಕೈ ಇಳಿಸಲಿಲ್ಲ.